ಮನ್ರೋಗಳ ಬೆನ್ನು ಬಿಡದ ಹುಲಿ

ಮಂತ್ರಾಲಯಕ್ಕೆ ಹೋಗಿಬಂದವರು ಪರಿಮಳ ಪ್ರಸಾದದ ಜೊತೆಗೆ ಮನ್ರೋ ಕತೆಯನ್ನೂ ಹಂಚುವುದು ವಾಡಿಕೆ. ಪಕ್ಕದ ಮನೆ ಮೇಷ್ಟ್ರು ಎರಡನ್ನೂ ಕಾಂಪೌಂಡಿನ ಮೇಲಿಂದಲೇ ದಾಟಿಸಿದರು. ಮಠದ ಜಮೀನಿನ ತಕರಾರು ವಿಚಾರಿಸಲು ಕಲೆಕ್ಟರ್ ಥಾಮಸ್ ಮನ್ರೋ ಬಂದನಂತೆ. ಟೋಪಿ, ಬೂಟು ಕಳಚಿ ಒಳಗೆ ಹೋದನಂತೆ. 1671ರಲ್ಲೇ ಬೃಂದಾವನಸ್ಥರಾಗಿದ್ದ ರಾಯರು ಎದ್ದುಬಂದು ಅವನೊಡನೆ ಮಾತಾಡಿದರಂತೆ. ಪಕ್ಕದಲ್ಲಿದ್ದವರಿಗೆ ಕಂಡದ್ದು ಬರೀ ಮನ್ರೋ, ಕೇಳಿಸಿದ್ದೂ ಅವನೊಬ್ಬನ ಮಾತು!

"ಪುಣ್ಯವಂತ ಕಣ್ರೀ ಮನ್ರೋ" ಅಂದರು ಮೇಷ್ಟ್ರು.

"ಯಾವ ಮನ್ರೋ ಮೇಷ್ಟ್ರೇ? ಒಬ್ಬನಿಗೆ ರಾಯರ ದರ್ಶನ ಆಯ್ತು ನಿಜ. ಇನ್ನೊಬ್ಬ ಹುಲಿಯ ಬಾಯಿಗೆ ಹೋದ."

ಮೇಷ್ಟ್ರು ಬಕೆಟ್ ಕೆಳಗಿಟ್ಟರು. ನನಗೂ ಬೇಕಾದದ್ದು ಅದೇ.

ಸ್ಕಾಟ್ಲೆಂಡಿನ ಉತ್ತರಕ್ಕೆ, ರಾಸ್ ಸೀಮೆಯ ಫೌಲಿಸ್ ಕೋಟೆ ಈ ಮನ್ರೋಗಳ ಮೂಲಸ್ಥಾನ. ಅಲ್ಲಿಂದ ಚದುರಿದವರಲ್ಲಿ ನಮ್ಮ ಕಡೆ ಮೊದಲು ದೊಡ್ಡ ಹೆಸರು ಮಾಡಿದವನು ಹೆಕ್ಟರ್ ಮನ್ರೋ. 1764ರಲ್ಲಿ ಬಕ್ಸಾರ್ ಗೆದ್ದ ಸೇನಾಪತಿ. ಅದೇ ಶೂರ 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಇಬ್ಬರೂ ಸೇರಿ ಇಂಗ್ಲಿಷರ ಕರ್ನಲ್ ಬೇಯ್ಲಿಯ ಪಡೆಯನ್ನು ಹುರಿದು ಮುಕ್ಕುವಾಗ ಹತ್ತಿರದ ಕಾಂಚೀಪುರದಲ್ಲೇ ಇದ್ದ. ನೆರವು ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಕೊನೆಗೆ ದೊಡ್ಡ ಫಿರಂಗಿಗಳನ್ನು ಕೆರೆಗೆ ನೂಕಿ ಮದರಾಸಿನ ದಾರಿ ಹಿಡಿದ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿಯನ್ನು ನೀವೂ ನೋಡಿರುತ್ತೀರಿ. ಓಟ ಕಿತ್ತ ಆ ಸೈನ್ಯದಲ್ಲಿ ಅದೇ ವರ್ಷ ಗ್ಲಾಸ್ಗೋದಿಂದ ಬಂದಿದ್ದ ಹತ್ತೊಂಬತ್ತರ ಹುಡುಗನೊಬ್ಬನಿದ್ದ. ಅವನೇ ನಮ್ಮ ಮಂತ್ರಾಲಯದ ಥಾಮಸ್!

"ಮತ್ತೆ ಹುಲಿ?"

ಅದು ಹೆಕ್ಟರನ ಮಗನ ಪಾಲಿಗೆ. 1792ರ ಡಿಸೆಂಬರಿನಲ್ಲಿ ಹೂಗ್ಲಿ ನದಿ ಸಮುದ್ರ ಸೇರುವಲ್ಲಿನ ಸಾಗರ ದ್ವೀಪಕ್ಕೆ ಜಿಂಕೆ ಬೇಟೆಗೆಂದು ಹೋದ ಹುಡುಗನನ್ನು, ಗೆಳೆಯರ ಜೊತೆ ಊಟಕ್ಕೆ ಕೂತಿದ್ದಾಗ ಹುಲಿ ಬಂದು ಹೊತ್ತೊಯ್ದಿತು. ಇಂಗ್ಲೆಂಡಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಟಿಪ್ಪು ಮಾಡಿಸಿದ ಮರದ ಹುಲಿಗೆ ಈ ಸಾವೇ ಪ್ರೇರಣೆ ಅಂತ ಹಲವರ ಊಹೆ, ಒಪ್ಪದವರೂ ಇದ್ದಾರೆ. ಅಂಗಾತ ಬಿದ್ದ ದೊರೆಯ ಕುತ್ತಿಗೆಗೆ ಹುಲಿ ಬಾಯಿ ಹಾಕಿದೆ. ಹಿಡಿ ತಿರುಗಿಸಿದರೆ ದೊರೆಯ ಕೈ ಮೇಲೇಳುತ್ತದೆ, ಅವನ ನರಳಾಟ ಕೇಳುತ್ತದೆ, ನಡುನಡುವೆ ಹುಲಿಯ ಗುರ್ರ್. ಹೊಟ್ಟೆಯೊಳಗೆ ಹಾರ್ಮೋನಿಯಂ ಥರದ ಮನೆಗಳು ಬೇರೆ. 1799ರಲ್ಲಿ ಲೂಟಿಯಾಗಿ ಹೋದದ್ದು ಈಗಲೂ ಲಂಡನ್ನಿನ ಮ್ಯೂಸಿಯಂನಲ್ಲಿದೆ.

ಹುಲಿ ಅಲ್ಲಿಗೂ ಬಿಡಲಿಲ್ಲ ಮೇಷ್ಟ್ರೇ. ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯ ಮಗನಾಗಿ 1870ರಲ್ಲಿ ಹುಟ್ಟಿದ ಇನ್ನೊಬ್ಬ ಹೆಕ್ಟರ್ ಮನ್ರೋ 'ಸಾಕಿ' ಅಂತ ಹೆಸರಿಟ್ಟುಕೊಂಡು ಕತೆ ಬರೆದ. ಅದರಲ್ಲೊಂದು, ಹುಲಿ ಹೊಡೆದವಳು ಅನ್ನಿಸಿಕೊಳ್ಳಬೇಕೆಂಬ ಮೇಡಮ್ಮನ ಕತೆ. ಊರವರು ಒಂದು ಮುದಿ ಹುಲಿಯನ್ನು ಗೊತ್ತುಮಾಡಿ ಕೊಡುತ್ತಾರೆ. ಗುಂಡು ತಗಲುವುದು ಕಟ್ಟಿಹಾಕಿದ್ದ ಆಡಿಗೆ. ಹುಲಿ ಸದ್ದಿಗೆ ಎದೆಯೊಡೆದು ಸಾಯುತ್ತದೆ. ಗುಟ್ಟು ಬಲ್ಲ ಜೊತೆಗಾತಿ ಬಾಯಿ ಮುಚ್ಚಿಕೊಂಡಿರಲು ಒಂದು ಮನೆಯನ್ನೇ ಗಿಟ್ಟಿಸುತ್ತಾಳೆ. ನನ್ನ ಕೇಳಿದರೆ ಸೇನಾಪತಿಯ ಫಿರಂಗಿಗಳೆಲ್ಲ ಸೇರಿದರೂ ಈ ಒಂದು ಕತೆಗೆ ಸಮ ಇಲ್ಲ. ಪಾಪ, ಸಾಕಿ 1916ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮರೆಯಿಂದ ಹಾರಿದ ಗುಂಡಿಗೆ ಸತ್ತ.

"ಥಾಮಸ್ ಏನಾದ?"

ರೈತವಾರಿ ಪದ್ಧತಿ ತಂದ, ಮದರಾಸಿನ ಗವರ್ನರ್ ಆದ. 1827ರಲ್ಲಿ ತಾನು ಹಿಂದೆ ಕಲೆಕ್ಟರಾಗಿದ್ದ ಸೀಮೆಯನ್ನು ಕೊನೇ ಸಲ ನೋಡಿಹೋಗಲು ಬಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದ. ಚೆನ್ನೈಯಲ್ಲಿ ಇವತ್ತಿಗೂ ಕುದುರೆ ಮೇಲೆ ಕೂತಿದ್ದಾನೆ, ಜೀನೂ ಇಲ್ಲ, ರಿಕಾಪೂ ಇಲ್ಲ. ಗವರ್ನರ್ ಆಗುವ ಮುಂಚೆ ನಮ್ಮ ಕೆನರಾದಲ್ಲೂ ಸ್ವಲ್ಪ ಕಾಲ ಇದ್ದ. ಈ ಊರು ಬೇಡ, ವರ್ಗ ಮಾಡಿ ಅಂತ ಕೇಳಿಕೊಂಡು ಹೋದವನು.

ಇನ್ನೊಬ್ಬ ಹ್ಯೂ ಮನ್ರೋ, ಮೂರು ಸಾವಿರ ಅಡಿ ದಾಟಿದ ಸ್ಕಾಟ್ಲೆಂಡಿನ ಬೆಟ್ಟಗಳನ್ನೆಲ್ಲ 1891ರಲ್ಲಿ ಪಟ್ಟಿ ಮಾಡಿದ. ಈಗ ಆ ಬೆಟ್ಟಗಳಿಗೇ 'ಮನ್ರೋ' ಅಂತ ಹೆಸರು, ಒಟ್ಟು 282. ಎಲ್ಲವನ್ನೂ ಹತ್ತಿಮುಗಿಸುವ ಮೊದಲೇ ಅವನು ತೀರಿಕೊಂಡ. ಅಲ್ಲಿನ ಅತಿ ಎತ್ತರದ ಬೆನ್ ನೆವಿಸ್ 1345 ಮೀಟರ್, ನಮ್ಮ ಕೊಡಚಾದ್ರಿಗಿಂತ ಗೇಣುದ್ದ ಹೆಚ್ಚು ಅಷ್ಟೆ.

ಇಷ್ಟರಲ್ಲಿ ಮೇಷ್ಟ್ರ ಹೆಂಡತಿಯೂ ಸೊಪ್ಪು ಸೋಸುತ್ತಾ ಬಂದು ನಿಂತಿದ್ದರು. "ಬರೀ ಗಂಡಸರೇನಾ?"

"ಇದ್ದರಲ್ಲ ಅಕ್ಕಾ, ಕೆನಡಾದ ಆಲಿಸ್ ಮನ್ರೋ. 2013ರಲ್ಲಿ ನೊಬೆಲ್ ಬಂತು. ಆದರೆ ತವರಿನ ಹೆಸರು ಲೇಡ್‌ಲಾ. ಮನ್ರೋ ಅನ್ನೋದು ಗಂಡನ ಕಡೆಯದು. ಆಮೇಲೆ ಆತನನ್ನು ಬಿಟ್ಟು ಇನ್ನೊಬ್ಬರನ್ನು ಮದುವೆಯಾದರು."

"ಗಂಡನನ್ನು ಬಿಟ್ಟರೂ ಹೆಸರು ಬಿಡಲಿಲ್ವಾ?"

"ಅಷ್ಟು ಹೊತ್ತಿಗೆ ಪುಸ್ತಕದ ಮೇಲೆ ಅಚ್ಚಾಗಿ ಹೋಗಿತ್ತಲ್ಲಕ್ಕಾ."

"ಹಾಗಾದ್ರೆ ಅದು ಅವಳದೇ ಬಿಡಿ" ಎಂದು ಅಕ್ಕ ತೀರ್ಪು ಕೊಟ್ಟು, ಮೇಷ್ಟ್ರಿಗೆ ಬಕೆಟ್ ತೋರಿಸಿದರು.