ಭೋಜದ ಪರದೇಶಿ

‘ಪರದೇಶಿ’ ಎಂಬ ಪದಕ್ಕೆ ಬೇರೆ ದೇಶದವನು ಎಂಬುದು ನಿಘಂಟಿನ ಅರ್ಥವಾದರೂ, ಆಡುಮಾತಿನಲ್ಲಿ ಅದು ಹಿಂದುಮುಂದಿಲ್ಲದವನು, ಕೇಳುವವರಿಲ್ಲದವನು ಎಂಬರ್ಥದಲ್ಲಿಯೇ ಹೆಚ್ಚು ಬಳಕೆಯಾಗುತ್ತದೆ. ಊರು ಬಿಟ್ಟವನ ಪಾಡೇನು ಎಂಬುದನ್ನು ವೀಸಾ ಕಚೇರಿಗಳು ಹುಟ್ಟುವ ಎಷ್ಟೋ ಮೊದಲೇ ಕನ್ನಡ ಭಾಷೆ ತೀರ್ಮಾನಿಸಿಬಿಟ್ಟಿತ್ತು. ಈ ಎರಡೂ ಅರ್ಥಗಳನ್ನು ಒಂದೇ ಕೋಟಿನ ಎರಡು ಜೇಬುಗಳಲ್ಲಿಟ್ಟುಕೊಂಡು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಓಡಾಡುವ ವ್ಯಕ್ತಿಯೇ ಇಲ್ಲಿ ವಿಚಾರಕ್ಕೆ ಒಳಪಟ್ಟಿರುವವನು. ಈತನ ಮೂಲಸ್ಥಾನ ಬೆಳಗಾವಿ ಜಿಲ್ಲೆಯ ಭೋಜ, ಅಂದರೆ ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವ ಆಸುಪಾಸಿನಲ್ಲಿರುವ, ಕಬ್ಬು ಮತ್ತು ತಂಬಾಕಿನ ಸೀಮೆಯ ಗಡಿಯೂರು. ಭೋಜ ಎಂದಿರುವಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ಅಥವಾ ಕಾಗವಾಡ ಎಂದು ಓದಿಕೊಂಡರೂ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಬೀಳುವುದಿಲ್ಲ.

ದೂರುವ ಗುಣ ಈತನಿಗೆ ವಿಮಾನ ಹತ್ತಿದ ಮೇಲೆ ಅಂಟಿಕೊಂಡದ್ದಲ್ಲ, ಮನೆತನದಿಂದ ಬಂದದ್ದು. ಈತನ ಅಜ್ಜ ಮುಂಬಯಿ ರಾಜ್ಯದಲ್ಲಿ ಮಲಗಿ 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ಎದ್ದವನು, 1973ರ ನವೆಂಬರ್ 1ರಂದು ಅದೇ ಹೊರಸಿನ ಮೇಲೆ ಕರ್ನಾಟಕದಲ್ಲಿ ಎದ್ದವನು. ಹೊಸ್ತಿಲು ದಾಟದೆಯೇ ಹೊಸ ನಾಡಿಗೆ ಬಂದ ಈ ಹಿರಿಯ, ಸಂಜೆ ಕಟ್ಟೆಗೆ ಕುಳಿತನೆಂದರೆ ಕೊಲ್ಹಾಪುರ ಒಂದೆರಡು ತಾಸಿನ ದಾರಿಯಾಗಿರುವಾಗ ತನ್ನ ಕಾಗದಪತ್ರಗಳು ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಬೆಂಗಳೂರಿಗೆ ಹೋಗಬೇಕಾಯಿತಲ್ಲ ಎಂದು ಗೊಣಗುತ್ತಿದ್ದವನು. ಗಡಿ ವಿವಾದ ಬಗೆಹರಿಸಲೆಂದು 1966ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಮಹಾಜನ ಆಯೋಗ ಊರೂರುಗಳ ಅಹವಾಲು ಕೇಳಿ ತನ್ನ ಕೆಲಸ ಮುಗಿಸಿತು, ಕಟ್ಟೆಯ ಅಹವಾಲು ಮುಗಿಯಲಿಲ್ಲ. ಅಪ್ಪನ ಕಾಲಕ್ಕೆ ಚಿಕ್ಕೋಡಿ ಇನ್ನೂ ಜಿಲ್ಲೆಯಾಗಲಿಲ್ಲ ಎಂಬ ದೂರು ಅದಕ್ಕೆ ಸೇರಿತು. ಹೀಗೆ ಮೂರು ತಲೆಮಾರುಗಳಿಂದ ಹದಗೊಂಡ ನಾಲಿಗೆಯೊಂದು ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿಯಿತು ಎಂದು ತಿಳಿದರೆ, ಮುಂದಿನದಕ್ಕೆ ಆ ದೇಶವೊಂದನ್ನೇ ಹೊಣೆ ಮಾಡುವುದು ನ್ಯಾಯವಾಗಲಾರದು.

ಇದೇ ಭೋಜದ ಇನ್ನೊಬ್ಬ ಪ್ರವಾಸಿಯನ್ನು ಇಲ್ಲಿ ನೆನೆಯದಿರಲಾಗದು. 1872ರಲ್ಲಿ ಜನಿಸಿದ, ಈ ಊರಿನ ಪಾಟೀಲ ಮನೆತನದ ಸಾತಗೌಡರು ಮುಂದೆ ದಿಗಂಬರ ದೀಕ್ಷೆ ಪಡೆದು ಆಚಾರ್ಯ ಶಾಂತಿಸಾಗರರೆನಿಸಿ, ಉತ್ತರ ಭಾರತದವರೆಗೂ ಕಾಲ್ನಡಿಗೆಯಲ್ಲಿ ವಿಹಾರ ಮಾಡಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಅವರ ಕೈಯಲ್ಲಿದ್ದ ಸಾಮಾನು ಮುಖ್ಯವಾಗಿ ಎರಡು: ನವಿಲುಗರಿಯ ಪಿಂಛಿ, ಅಂದರೆ ಕುಳಿತುಕೊಳ್ಳುವ ಮೊದಲು ನೆಲದ ಸಣ್ಣ ಜೀವಿಗಳನ್ನು ನೋವಾಗದಂತೆ ಸರಿಸುವ ಕುಂಚ, ಮತ್ತು ಕಮಂಡಲು, ಅಂದರೆ ಶೌಚದ ನೀರಿನ ಪಾತ್ರೆ. ಅವರದೇ ಊರಿನ ನಮ್ಮ ಕಥಾನಾಯಕನದೂ ಎರಡೇ ಸಾಮಾನು. ಆದರೆ ತಲಾ 23 ಕಿಲೋ ತೂಗುವ ಆ ಎರಡು ಸೂಟ್‌ಕೇಸುಗಳಲ್ಲಿ ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ, ಬೆಲ್ಲ, ಜೋಳದ ಹಿಟ್ಟು ಮತ್ತು ಒಂದು ಕಬ್ಬಿಣದ ಹಂಚು ಇದ್ದವು. ವಿಮಾನ ಏರುವ ಮುನ್ನ ತೂಕ ಹೆಚ್ಚಾಗಿ ಹಿಟ್ಟನ್ನು ಅರ್ಧ ತೆಗೆಸಿದ್ದೇ ಈತನ ವಿದೇಶ ವಾಸದ ಮೊದಲ ದೂರಾಗಿ ದಾಖಲಾಯಿತು.

ಎರಡನೆಯ ದೂರು ಮನೆಯದು, ಅದಕ್ಕೆ ಕಾರಣ ಒಂದು ಪದ. ಇಂಗ್ಲೆಂಡಿನಲ್ಲಿ ‘ಟೆರೇಸ್ಡ್ ಹೌಸ್’ ಎಂದರೆ ಬೀದಿಯುದ್ದಕ್ಕೂ ಒಂದಕ್ಕೊಂದು ಅಂಟಿಸಿ ಕಟ್ಟಿದ, ಅಕ್ಕಪಕ್ಕದವರೊಡನೆ ಗೋಡೆಯನ್ನು ಹಂಚಿಕೊಂಡ, ಮೇಲೆ ಇಳಿಜಾರು ಹೆಂಚಿನ ಸೂರಿರುವ ಸಾಲುಮನೆ. ಈತ ಬಾಡಿಗೆಗೆ ಅಂಥದೊಂದನ್ನು ಹಿಡಿದು ‘ಟೆರೇಸ್ ಮನಿ ಸಿಕ್ಕೈತಿ’ ಎಂದು ಊರಿಗೆ ಫೋನ್ ಮಾಡಿದಾಗ, ಟೆರೇಸ್ ಎಂದರೆ ಹಿಂದಿನ ಮಾಳಿಗೆಯ ಜಾಗಕ್ಕೆ ಬಂದ ಕಾಂಕ್ರೀಟಿನ ಬಯಲು ಎಂದೇ ಬಲ್ಲ ತಾಯಿ, ಅಲ್ಲಿಯೇ ಹಪ್ಪಳ, ಸಂಡಿಗೆ, ಶಾವಿಗೆಗಳ ಲೆಕ್ಕ ಹಾಕಿದಳು. ಬೇಸಿಗೆಯಲ್ಲಿ ಪ್ರವಾಸಿ ವೀಸಾದ ಮೇಲೆ ಬಂದವಳು ಚೀಲ ಇಳಿಸಿ ಮೊದಲು ಹುಡುಕಿದ್ದು ಮೇಲೆ ಹೋಗುವ ಮೆಟ್ಟಿಲನ್ನು. ಮೆಟ್ಟಿಲೇನೋ ಇತ್ತು, ಅದು ಮಲಗುವ ಕೋಣೆಗೆ ಹೋಗಿ ನಿಂತಿತು. “ಮ್ಯಾಲ ಕಾಲಿಡಾಕ ಜಾಗಾ ಇಲ್ಲ, ಇದಕ್ಕ ಟೆರೇಸ್ ಅಂತ ಹೆಸರ ಯಾರಿಟ್ರಪಾ?” ಎಂದು ಆಕೆ ಕೇಳಿದ ಪ್ರಶ್ನೆಗೆ ಆಂಗ್ಲ ಭಾಷಾಶಾಸ್ತ್ರದಲ್ಲಿ ಉತ್ತರವಿದ್ದೀತು, ಮಗನ ಬಳಿ ಇರಲಿಲ್ಲ. ಹಂಚಿಕೊಂಡ ಗೋಡೆಯ ಫಲ ಮರುದಿನವೇ ತಿಳಿಯಿತು. ತಾಯಿ ಅಡುಗೆಕಟ್ಟೆಯ ಮೇಲೆ ಎರಡೂ ಅಂಗೈಗಳಿಂದ ತಪತಪನೆ ರೊಟ್ಟಿ ಬಡಿಯುತ್ತಿರುವಾಗ ಪಕ್ಕದ ಮನೆಯ ಮುದುಕ ಬಂದು, ಏನಾದರೂ ದುರಸ್ತಿ ನಡೆದಿದೆಯೇ, ತನ್ನ ಬಳಿ ಒಳ್ಳೆಯ ಸುತ್ತಿಗೆ ಇದೆ, ಬೇಕೇ ಎಂದು ವಿನಯದಿಂದ ಕೇಳಿ ಹೋದ. ಮುದುಕನ ಈ ವಿನಯವನ್ನು ಈತ ಇಂದಿಗೂ ಕ್ಷಮಿಸಿಲ್ಲ. ಭೋಜದಲ್ಲಾಗಿದ್ದರೆ ಪಕ್ಕದವನು ನೇರ ಬೈದಿರುತ್ತಿದ್ದ, ಆಮೇಲೆ ಎರಡು ರೊಟ್ಟಿ ಇಸಿದುಕೊಂಡು ಹೋಗಿರುತ್ತಿದ್ದ ಎಂಬುದು ಈತನ ವಾದ, ಮತ್ತು ಈ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ.

ಆದರೆ ಈತನ ದೂರುಗಳಲ್ಲೆಲ್ಲ ಹಿರಿದಾದದ್ದು ಸೂರ್ಯನ ಮೇಲಿನದು. ಈತ ರಾತ್ರಿಭೋಜನ ತ್ಯಾಗದ ವ್ರತ ಹಿಡಿದ ಜೈನ ಮನೆಯವನು, ಎಂದರೆ ಹೊತ್ತು ಮುಳುಗಿದ ಮೇಲೆ ಉಣ್ಣದವನು. ಕಟ್ಟುನಿಟ್ಟಿನವರು ಸೂರ್ಯೋದಯದ ನಂತರದ ಎರಡು ಘಳಿಗೆಯನ್ನೂ ಸೂರ್ಯಾಸ್ತದ ಮುಂಚಿನ ಎರಡು ಘಳಿಗೆಯನ್ನೂ ಬಿಡುತ್ತಾರೆ, ಒಂದು ಘಳಿಗೆಯೆಂದರೆ 24 ನಿಮಿಷ. ಭೋಜದಲ್ಲಿ ಈ ವ್ರತ ಯಾರಿಗೂ ಭಾರವಲ್ಲ, ಏಕೆಂದರೆ ಅಲ್ಲಿಯ ಸೂರ್ಯ ಡಿಸೆಂಬರಿನಲ್ಲಿ ಆರರ ಸುಮಾರಿಗೆ, ಜೂನಿನಲ್ಲಿ ಏಳು ದಾಟಿದ ಮೇಲೆ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ತಾಸಿನ ಅಂತರದಲ್ಲಿ ಮುಳುಗಿ, ಶ್ರಾವಕರ, ಅಂದರೆ ಜೈನ ಗೃಹಸ್ಥರ, ಅನುಕೂಲವನ್ನು ನೋಡಿಕೊಳ್ಳುತ್ತಾನೆ. ಲೆಸ್ಟರಿನ ಸೂರ್ಯನಿಗೆ ಇಂಥ ಶಿಸ್ತಿಲ್ಲ. ಡಿಸೆಂಬರಿನ ಕೊನೆಯ ವಾರಗಳಲ್ಲಿ ಆತ ಬೆಳಗಿನ ಎಂಟು ದಾಟಿ ಏಳುತ್ತಾನೆ, ನಾಲ್ಕಕ್ಕೆ ಮುಂಚೆಯೇ ಮಲಗುತ್ತಾನೆ. ಎರಡೂ ಕಡೆ ಎರಡೆರಡು ಘಳಿಗೆ ಕಳೆದರೆ ಉಳಿಯುವುದು 9ರಿಂದ 3ರವರೆಗಿನ ಆರು ತಾಸು, ಈ ಆರು ತಾಸಿನಲ್ಲಿ ನಾಷ್ಟಾ, ಮಧ್ಯಾಹ್ನದ ಊಟ ಮತ್ತು ರಾತ್ರಿಯೂಟಗಳೆಂಬ ಮೂರನ್ನೂ, ನಡುನಡುವೆ ಕಚೇರಿಯ ಕೆಲಸವನ್ನೂ ಮುಗಿಸಬೇಕು. ಒಂದು ಗಂಟೆಗೆ ಒಂದು ಡಬ್ಬಿ ತೆರೆದು, ಮೂರಕ್ಕೆ ಹತ್ತು ನಿಮಿಷವಿರುವಾಗ ಇನ್ನೊಂದು ಡಬ್ಬಿ ತೆರೆಯುವ ಈತನನ್ನು ಕಂಡು, ಹಿಂದೂಸ್ಥಾನದವರು ಎರಡೆರಡು ತಾಸಿಗೊಮ್ಮೆ ಉಣ್ಣುತ್ತಾರೆಂದು ಸಹೋದ್ಯೋಗಿಗಳು ನಂಬಿದ್ದಾರೆ; ತ್ಯಾಗದ ವ್ರತವೊಂದು ನೋಡುವವರ ಕಣ್ಣಿಗೆ ಹೊಟ್ಟೆಬಾಕತನವಾಗಿ ಕಾಣಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಜೂನಿನಲ್ಲಿ ಕಷ್ಟ ತಿರುಗುಮುರುಗಾಗುತ್ತದೆ. ಆಗ ಸೂರ್ಯ ನಸುಕಿನ ಐದಕ್ಕೆ ಮೊದಲೇ ಎದ್ದು ರಾತ್ರಿ ಒಂಬತ್ತೂವರೆಯವರೆಗೆ ತಳವೂರುವುದರಿಂದ, ವ್ರತ ಇದ್ದೂ ಇಲ್ಲದಂತೆ ಆಗುತ್ತದೆ. ರಾತ್ರಿ ಎಂಟಕ್ಕೆ ಬಿಸಿಲಿನಲ್ಲಿ ಕುಳಿತು ಉಣ್ಣುವಾಗ, ಭೋಜದಲ್ಲಿ ಹನ್ನೆರಡೂವರೆಗೆ ನೀರು ಕುಡಿಯಲೆಂದು ಎದ್ದ ತಂದೆ ಮೊಬೈಲಿನಲ್ಲಿ ಮಗನ ಹೆಸರಿನ ಮುಂದೆ ಹಸಿರು ಚುಕ್ಕೆ ಕಂಡು ಕರೆ ಮಾಡುತ್ತಾರೆ.

“ಊಟ ಆತೇನಪಾ ತಮ್ಮಾ?”

“ಈಗ ಉಣ್ಣಾಕತ್ತೇನ್ರಿ ಅಪ್ಪಾರ.”

ಆ ಕಡೆ ಬಹಳ ಹೊತ್ತು ಮೌನ. ವ್ರತಕ್ಕೆ ಪ್ರಮಾಣ ಉಣ್ಣುವವನ ತಲೆಯ ಮೇಲಿರುವ ಸೂರ್ಯನೋ ಅಥವಾ ವ್ರತ ಕೊಟ್ಟ ಊರಿನ ಸೂರ್ಯನೋ ಎಂಬ ಜಿಜ್ಞಾಸೆ ಅಲ್ಲಿಂದ ಆರಂಭವಾಗಿ ಇನ್ನೂ ನಿರ್ಣಯ ಕಂಡಿಲ್ಲ. ಇದು ಸಾಲದೆಂಬಂತೆ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಸರ್ಕಾರವೇ ಗಡಿಯಾರವನ್ನು ಒಂದು ತಾಸು ಮುಂದಕ್ಕೂ ಹಿಂದಕ್ಕೂ ತಿರುಗಿಸುತ್ತದೆ. ಸೂರ್ಯ ಕೆಟ್ಟ ದೇಶದಲ್ಲಿ ಗಡಿಯಾರವಾದರೂ ನೆಟ್ಟಗಿರಬಾರದೇ ಎಂದು ಈತ ಕೇಳುತ್ತಾನೆ, ಮತ್ತು ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ವರ್ಷದ ಎಲ್ಲ ದಿನಗಳ ಸೂರ್ಯಾಸ್ತದ ವೇಳೆ ಮುದ್ರಿಸಿದ ಹಾಳೆಯನ್ನು ಅಂಟಿಸಿಕೊಂಡಿದ್ದಾನೆ.

ಮಳೆಯ ಬಗ್ಗೆ ಈತನ ನಿಲುವು ಸಂಕ್ಷಿಪ್ತ. ಭೋಜದ ಮಳೆಗಾಲದಲ್ಲಿ ದೂಧಗಂಗೆ ಉಕ್ಕಿ ಕಾರದಗಾ–ಭೋಜ ಸೇತುವೆಯನ್ನು ಮುಳುಗಿಸಿ, ಪತ್ರಿಕೆಗಳಲ್ಲಿ ಚಿತ್ರಸಹಿತ ಸುದ್ದಿಯಾಗುತ್ತದೆ. ಲೆಸ್ಟರಿನ ಜಿಟಿಜಿಟಿ ಮಳೆ ವರ್ಷವಿಡೀ ಬಿದ್ದರೂ ಛತ್ರಿ ತೆರೆಯಬೇಕೋ ಬೇಡವೋ ಎಂಬ ಅನುಮಾನದ ಹೊರತು ಬೇರೇನನ್ನೂ ಹುಟ್ಟಿಸುವುದಿಲ್ಲ. ಸೇತುವೆ ಮುಳುಗಿಸಲಾಗದ್ದು ಎಂಥ ಮಳೆ? ಹವೆಯನ್ನು ದೂರುವುದು ಅಲ್ಲಿಯವರಿಗೂ ನಿತ್ಯಕರ್ಮವೇ ಆದರೂ, ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿ ಮೋಡವನ್ನು ಬೈದಾಗ ಈತ ಮೋಡದ ಪರ ವಹಿಸಿ ಮಾತಾಡಿದ್ದುಂಟು. ದೂರುವ ಹಕ್ಕು ಕಷ್ಟಪಟ್ಟು ಬಂದವನದು, ಹುಟ್ಟಿನಿಂದಲೇ ಅಲ್ಲಿರುವವರು ಅದನ್ನು ಪುಕ್ಕಟೆ ಬಳಸುವುದು ಈತನಿಗೆ ಸರಿಬರುವುದಿಲ್ಲ.

ಗಡ್ಡೆಗೆಣಸು ತಿನ್ನದ ಮನೆಯವನಿಗೆ ವಿಧಿ ಒದಗಿಸಿದ ಊರಾದರೂ ಎಂಥದು! ಲೆಸ್ಟರ್ ಇಂಗ್ಲೆಂಡಿನ ಆಲೂಗಡ್ಡೆ ಚಿಪ್ಸಿನ ರಾಜಧಾನಿ. ಎರಡನೆಯ ಮಹಾಯುದ್ಧದ ನಂತರ ಮಾಂಸಕ್ಕೆ ಪಡಿತರವಿದ್ದ ಕಾಲದಲ್ಲಿ, ವಾಕರ್ಸ್ ಎಂಬ ಮಾಂಸದಂಗಡಿಯವರು ವ್ಯಾಪಾರ ನಡೆಯದೆ 1948ರಲ್ಲಿ ಆಲೂಗಡ್ಡೆ ಹೆಚ್ಚಿ ಕರಿಯತೊಡಗಿದ್ದು ಬೆಳೆದು ಇಂದು ಜಗತ್ತಿನ ದೊಡ್ಡ ಚಿಪ್ಸ್ ಕಾರ್ಖಾನೆಗಳಲ್ಲೊಂದಾಗಿದೆ. ಮಾಂಸ ಬಿಟ್ಟು ಆಲೂಗಡ್ಡೆ ಹಿಡಿದದ್ದು ಊರಿನವರಿಗೆ ಉದ್ಯಮಶೀಲತೆಯ ಕಥೆ, ಈತನ ಲೆಕ್ಕದಲ್ಲಿ ಒಂದು ಪಾಪದಿಂದ ಎದ್ದು ಇನ್ನೊಂದು ಪಾಪದಲ್ಲಿ ಕುಳಿತ ಕಥೆ.

ಭಾಷೆಯ ಪ್ರಕರಣ ಇನ್ನಷ್ಟು ತೊಡಕಿನದು. 1972ರಲ್ಲಿ ಇದಿ ಅಮೀನ್ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ಯುಗಾಂಡಾದಿಂದ ಹೊರಹಾಕಿದಾಗ, ಲೆಸ್ಟರಿನ ನಗರಸಭೆ ಯುಗಾಂಡಾದ ಪತ್ರಿಕೆಯಲ್ಲಿ ‘ನಮ್ಮ ಊರಿಗೆ ಬರಬೇಡಿ’ ಎಂಬರ್ಥದ ಜಾಹೀರಾತು ಕೊಟ್ಟಿತ್ತು. ಹಾಗೊಂದು ಊರಿದೆಯೆಂದು ತಿಳಿಯಲು ಅದೇ ಸಹಾಯವಾಯಿತೋ ಏನೋ, ಗುಜರಾತಿ ಕುಟುಂಬಗಳು ಸಾವಿರಗಟ್ಟಲೆಯಲ್ಲಿ ಅಲ್ಲಿಗೇ ಬಂದು ನೆಲೆಸಿದವು. ಹಾಗಾಗಿ ಬೆಲ್‌ಗ್ರೇವ್ ರಸ್ತೆಯಲ್ಲಿ ಜೋಳದ ಹಿಟ್ಟು ‘ಜುವಾರ್’ ಎಂಬ ಹೆಸರಿನಲ್ಲಿ ಧಾರಾಳವಾಗಿ ಸಿಗುತ್ತದೆ, ಅದನ್ನು ಕೇಳುವಾಗ ನಿಪ್ಪಾಣಿಯ ಪೇಟೆಯಲ್ಲಿ ಕಲಿತ ಮರಾಠಿ ಇಂಗ್ಲಿಷಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಊರಲ್ಲಿದ್ದಾಗ ಅಂಗಡಿಯ ಬೋರ್ಡಿನಲ್ಲಿ ಮರಾಠಿ ಕಂಡರೆ ಹುಬ್ಬು ಗಂಟಿಕ್ಕುತ್ತಿದ್ದವನು ಇಲ್ಲಿ ಆ ಮರಾಠಿಗೆ ಗುಜರಾತಿ ಬಾಲ ಅಂಟಿಸಿ ಹಿಟ್ಟು ಕೊಳ್ಳುವುದನ್ನು ಗಡಿ ವಿವಾದದ ಯಾವ ಪಕ್ಷವೂ ಮುನ್ನೋಡಿರಲಿಲ್ಲ. ಲೆಸ್ಟರಿನದೇ ಆಕ್ಸ್‌ಫರ್ಡ್ ಬೀದಿಯಲ್ಲಿ ಹಳೆಯ ಚರ್ಚೊಂದನ್ನು ಬಸದಿಯಾಗಿಸಿ 1988ರಲ್ಲಿ ಪ್ರತಿಷ್ಠೆ ಮಾಡಿದ ಜೈನ ಕೇಂದ್ರದೊಳಗೆ ದಿಗಂಬರರಿಗೂ ಸ್ಥಾನವಿದೆ. ಅಲ್ಲಿ ಈತನಿಗೆ ದೂರಲು ಸಿಕ್ಕಿದ್ದು ಬರಿಗಾಲಿಗೆ ಕೊರೆಯುವ ಅಮೃತಶಿಲೆ ಒಂದೇ. ಆದರೆ ಅಲ್ಲಿಯೇ ಒಬ್ಬ ಹಿರಿಯರು, ತಾವು ಕೈಲಿ ಹಿಡಿಯುವಷ್ಟೇ ಸಾಮಾನಿನೊಡನೆ ಯುಗಾಂಡಾದ ಕಂಪಾಲಾ ಬಿಟ್ಟ ಕಥೆಯನ್ನು ನಗುನಗುತ್ತ ಹೇಳಿದ ದಿನ, ಹಿಟ್ಟನ್ನು ಅರ್ಧ ತೆಗೆಸಿದ ತನ್ನ ಕಥೆಯನ್ನು ಹೇಳಲಾಗದೆ ಈತ ಮನೆಗೆ ಬಂದು ಸಿಟ್ಟಾದ.

ಇಷ್ಟೆಲ್ಲ ದೂರುವವನು ಮರಳಿ ಹೋಗುತ್ತಾನೆಂದು ತಿಳಿಯುವುದು ತಪ್ಪು. ‘ಸೆಟ್ಲ್’ ಎಂಬ ಪದಕ್ಕೆ ಚಿಕ್ಕೋಡಿ ಸೀಮೆಯಲ್ಲಿ ಕನ್ಯೆ ನೋಡುವವರ ನಡುವೆ ಒಂದು ಅರ್ಥವಿದೆ, ಅಂದರೆ ಹುಡುಗನಿಗೆ ನೌಕರಿ, ಮನೆ, ಕಾರು ಇವೆ ಎಂದು. ಬ್ರಿಟಿಷ್ ಕಾನೂನಿನಲ್ಲಿ ಇನ್ನೊಂದು ಅರ್ಥವಿದೆ, ಅಂದರೆ ಅವಧಿಯ ಮಿತಿಯಿಲ್ಲದೆ ಅಲ್ಲಿ ವಾಸಿಸುವ ಪರವಾನಗಿ. ಅದಕ್ಕಾಗಿ 45 ನಿಮಿಷಗಳಲ್ಲಿ 24 ಪ್ರಶ್ನೆಗಳಿಗೆ ಉತ್ತರಿಸಿ ಕನಿಷ್ಠ 18 ಸರಿ ಮಾಡಬೇಕಾದ ಪರೀಕ್ಷೆಯೊಂದಿದೆ. ಆ ದೇಶದ ಅರಸರ ಪತ್ನಿಯರ ಹೆಸರುಗಳನ್ನು ಬಾಯಿಪಾಠ ಮಾಡುತ್ತ ಕುಳಿತ ಈತ, 2025ರಲ್ಲಿ ಸರ್ಕಾರ ಈ ಪರವಾನಗಿಗೆ ಬೇಕಾದ ವಾಸದ ಅವಧಿಯನ್ನು ಐದು ವರ್ಷದಿಂದ ಹತ್ತಕ್ಕೆ ಏರಿಸುವ ಪ್ರಸ್ತಾಪ ಮಂಡಿಸಿದ ಸುದ್ದಿ ಕೇಳಿ ಕೆಂಡವಾದ. ಮನುಷ್ಯರು ಬಾಳುವಂಥದ್ದಲ್ಲ ಎಂದು ನಾಲ್ಕು ವರ್ಷ ಎಡೆಬಿಡದೆ ಸಾರಿದ ದೇಶದಲ್ಲಿ ತನ್ನನ್ನು ಕಾಯಂ ಇರಗೊಡುತ್ತಿಲ್ಲವೆಂಬ ಈ ಕೊನೆಯ ದೂರು ಉಳಿದೆಲ್ಲವನ್ನೂ ನುಂಗಿಹಾಕಿತು. ಆ ವರ್ಷ ರಜೆಗೆ ಭೋಜಕ್ಕೆ ಹೋದವನು ಮೊದಲ ರಾತ್ರಿ, ಎರಡೆರಡು ಟ್ರೇಲರ್ ಕಬ್ಬು ಎಳೆಯುತ್ತ ಹಾಡು ಹಚ್ಚಿಕೊಂಡು ಸಾಗುವ ಟ್ರ್ಯಾಕ್ಟರುಗಳ ಸದ್ದಿಗೆ ನಿದ್ದೆ ಬಾರದೆ, “ನಮ್ಮ ಕಡೆ ಹಿಂಗ ಇರೂದಿಲ್ಲ” ಎಂದ. ನಮ್ಮ ಕಡೆ ಎಂದರೆ ಯಾವ ಕಡೆ ಎಂದು ತಾಯಿ ಕೇಳಲಿಲ್ಲ.

ಲೆಸ್ಟರಿನ ರೈಲು ನಿಲ್ದಾಣದ ಹೊರಗೆ ಥಾಮಸ್ ಕುಕ್‌ನ ಕಂಚಿನ ಪ್ರತಿಮೆಯಿದೆ. 1841ರ ಜುಲೈ 5ರಂದು ಈ ಊರಿನಿಂದ ಲಫ್‌ಬರೋಗೆ, ಮದ್ಯಪಾನ ವಿರೋಧಿಗಳ ಸಭೆಗೆಂದು ರೈಲಿನಲ್ಲಿ ಜನರನ್ನು ಕರೆದೊಯ್ದು, ಪ್ರವಾಸವನ್ನು ವ್ಯಾಪಾರವಾಗಿಸಿದ ಮಹಾನುಭಾವ. ಪಕ್ಕದಲ್ಲಿ ಪೆಟ್ಟಿಗೆಯಿಟ್ಟುಕೊಂಡು ಕೈಯಲ್ಲಿನ ಗಡಿಯಾರ ನೋಡುತ್ತ ನಿಂತಿದ್ದಾನೆ. ಡಿಸೆಂಬರಿನ ಒಂದು ಮಧ್ಯಾಹ್ನ ಅಥಣಿ ಕಡೆಯಿಂದ ಹೊಸದಾಗಿ ಓದಲು ಬಂದ ಹುಡುಗನೊಬ್ಬನನ್ನು ಕರೆತರಲು ನಮ್ಮ ಪರದೇಶಿ ಅಲ್ಲಿಗೆ ಹೋಗಿದ್ದ. ಹುಡುಗನ ಎರಡು ಸೂಟ್‌ಕೇಸುಗಳಲ್ಲಿ ಒಂದನ್ನು ತಾನೇ ಎಳೆಯುತ್ತ, ಟೆರೇಸ್ ಎಂದರೇನು, ಹಿಟ್ಟು ಎಲ್ಲಿ ಸಿಗುತ್ತದೆ, ಯಾವ ಭಾಷೆಯಲ್ಲಿ ಕೇಳಬೇಕು, ಬಸದಿಗೆ ಹೋಗುವಾಗ ದಪ್ಪ ಕಾಲುಚೀಲ ಏಕೆ ಬೇಕು ಎಂಬುದನ್ನೆಲ್ಲ ಒಂದೊಂದು ದೂರಿನ ರೂಪದಲ್ಲಿ ವಿವರಿಸಿ, ಪ್ರತಿಮೆಯ ಬುಡಕ್ಕೆ ಬಂದಾಗ ಮಾತು ನಿಲ್ಲಿಸಿ ಕೈಗಡಿಯಾರ ನೋಡಿಕೊಂಡ. ಮೂರಕ್ಕೆ ಹತ್ತು ನಿಮಿಷವಿತ್ತು. ಅವಸರದಿಂದ ಚೀಲದೊಳಗಿನ ಡಬ್ಬಿ ತೆಗೆದು ಹುಡುಗನ ಕೈಗೆ ಒಂದು ರೊಟ್ಟಿ ಕೊಟ್ಟು ತಾನೊಂದು ಹಿಡಿದ. ಹುಡುಗ ಬೆರಗಿನಿಂದ ಕಂಚಿನ ಮನುಷ್ಯನನ್ನು ನೋಡುತ್ತ, ಇವರು ಯಾರೆಂದು ಕೇಳಿದ.

“ಯಾರರ ಇರ್ಲಿ, ನೀ ಉಣ್ಣ ಲಗೂನ,” ಎಂದ ಈತ ರೊಟ್ಟಿ ಮುರಿಯುತ್ತ. “ಅವ್ನ ಗಡಿಯಾರ ನಡಿಯೂದಿಲ್ಲ.”