ಏಕಾಂಗಿ ಗಿರ್ಯಾರೋಹಣ ಮೀಮಾಂಸೆ, ಅಥವಾ ‘ಒಬ್ರೇ ಬಂದ್ರಾ?’ ಎಂಬ ಪ್ರಶ್ನೆಯ ವಿಚಾರ

ಇನ್ನು ಒಂಟಿಯಾಗಿ ಬೆಟ್ಟ ಹತ್ತುವುದರ ಜಿಜ್ಞಾಸೆ. ಸೂತ್ರ ಇಷ್ಟೇ: ನಸುಕಿನಲ್ಲಿ ಒಬ್ಬನೇ ಹೊರಟವನು ಒಬ್ಬನೇ ತುದಿ ಮುಟ್ಟುವುದಿಲ್ಲ.

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಬೇಕೆಂದು ಹಿರಿಯರ ಕಟ್ಟಳೆ. ವಿಷಯ, ಚಾಮುಂಡಿ ಬೆಟ್ಟದ ಮೆಟ್ಟಿಲು. ಅಧಿಕಾರಿ, ಮಂಡಿನೋವಿಲ್ಲದ ಯಾರಾದರೂ. ಪ್ರಯೋಜನ, ಶುಗರ್ ಇಳಿಯುವುದು. ನಾಲ್ಕನೆಯದಾದ ಸಂಬಂಧ ಯಾವುದೆಂಬುದು ಮುಂದೆ ತಿಳಿಯುತ್ತದೆ, ಅದೂ ಹೆಣ್ಣಿನ ಕಡೆಯಿಂದ.

ಎತ್ತರದ ಬಗ್ಗೆ ವಿದ್ವಾಂಸರಲ್ಲಿ ಇರುವ ಗರ್ವವನ್ನು ಆರಂಭದಲ್ಲೇ ಮುರಿಯುವುದು ಒಳ್ಳೆಯದು. ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,489 ಅಡಿ ಎಂದು ಬೋರ್ಡಿನಲ್ಲಿ ಓದಿದವರೆಲ್ಲ ಅಷ್ಟನ್ನೂ ತಾವೇ ಹತ್ತಿದಂತೆ ಮನೆಗೆ ಫೋನು ಮಾಡುತ್ತಾರೆ. ಇದರಲ್ಲಿ ಸುಮಾರು 2,500 ಅಡಿಯನ್ನು ಮೈಸೂರು ಊರೇ ಪುಕ್ಕಟೆ ಕೊಟ್ಟಿರುತ್ತದೆ. ಮಂಗಳೂರಿನಿಂದ ನಡೆದು ಬಂದವರು ಮಾತ್ರ ಪೂರ್ತಿ ಸಂಖ್ಯೆಯನ್ನು ಬಳಸಬಹುದು.

ಪೂರ್ವಪಕ್ಷ. ಬೆಟ್ಟ ಹತ್ತುವುದೇ ಏಕಾಂತಕ್ಕೆ, ಅಲ್ಲಿ ಇನ್ನೊಬ್ಬನ ಮಾತೇಕೆ ಎಂದು ಕೆಲವರು ವಾದಿಸುತ್ತಾರೆ. ಇವರು ಮಹಾಭಾರತ ಓದಿಲ್ಲ. ಅರ್ಜುನ ಇಂದ್ರಕೀಲಕ್ಕೆ ಒಬ್ಬನೇ ಹೋದ. ಊಟ ಬಿಟ್ಟು, ಕಣ್ಣು ಮುಚ್ಚಿ ತಪಸ್ಸಿಗೆ ಕೂತ. ಆದರೂ ಎಲ್ಲಿಂದಲೋ ಒಬ್ಬ ಬೇಡ ಬಂದ. ಇಬ್ಬರ ಬಾಣವೂ ಒಂದೇ ಹಂದಿಗೆ ನಾಟಿ, ಹಂದಿ ಯಾರದು ಎಂದು ತಕರಾರಾಗಿ, ಕೈ ಕೈ ಮಿಲಾಯಿಸುವವರೆಗೂ ಹೋಯಿತು. ಈ ಪ್ರಕರಣವನ್ನು ವಿವರಿಸಲು ಭಾರವಿಗೆ 18 ಸರ್ಗ ಬೇಕಾದವು. ಇಂದಾದರೆ ಠಾಣೆಯಲ್ಲಿ ಅರ್ಧ ಹಾಳೆಯಲ್ಲಿ ಮುಗಿಯುತ್ತಿತ್ತು, ಪಾಶುಪತಾಸ್ತ್ರವೂ ಸಿಗುತ್ತಿರಲಿಲ್ಲ.

ಭೀಮನದು ಇನ್ನೂ ಬಲವಾದ ದೃಷ್ಟಾಂತ. ಹೂವು ತರಲು ಗಂಧಮಾದನ ಹತ್ತುತ್ತಿದ್ದವನಿಗೆ ದಾರಿಗಡ್ಡವಾಗಿ ಮಲಗಿದ್ದ ಮುದಿ ಕೋತಿ ಸಿಕ್ಕಿತು. ಬಾಲ ಎತ್ತಲು ಹೋಗಿ ಬೆವರಿದ. ಕೊನೆಗೆ ವಿಚಾರಿಸಿದರೆ ಆ ಕೋತಿ ಸ್ವಂತ ಅಣ್ಣ! ಇಬ್ಬರಿಗೂ ವಾಯುವೇ ತಂದೆ. ಬೆಟ್ಟದಲ್ಲಿ ಸಿಕ್ಕ ಅಪರಿಚಿತ ನೆಂಟನಾಗಿ ಹೊರಬಿದ್ದ ಮೊದಲ ದಾಖಲೆ ಇದೆಂದು ನಮ್ಮ ಮತ. (ಚಾಮುಂಡಿ ಬೆಟ್ಟದ ಕೋತಿಗಳ ಬಾಲದ ತಂಟೆಗೆ ಯಾರೂ ಹೋಗಬಾರದು. ಅಣ್ಣನಾಗಿರುವ ಸಂಭವ ಕಡಿಮೆ, ಬಾಳೆಹಣ್ಣು ಕಿತ್ತುಕೊಳ್ಳುವ ಸಂಭವ ಹೆಚ್ಚು.)

ಇದೆಲ್ಲ ನಮ್ಮವರ ಪುರಾಣ, ಪಾಶ್ಚಾತ್ಯರು ಹೀಗಲ್ಲ ಎನ್ನುವವರಿಗೆ ಪೆಟ್ರಾರ್ಕನ ಉತ್ತರವಿದೆ. ಇಟಲಿಯ ಈ ಕವಿ 1336ರಲ್ಲಿ ಫ್ರಾನ್ಸಿನ ವಾಂತೂ ಪರ್ವತ ಹತ್ತಿದ. ಜೊತೆಗೆ ಯಾರನ್ನು ಕರೆದೊಯ್ಯುವುದೆಂದು ಗೆಳೆಯರನ್ನೆಲ್ಲ ತೂಗಿ ನೋಡಿದರೆ ಒಬ್ಬ ನಿಧಾನ, ಒಬ್ಬ ಅವಸರದವನು, ಒಬ್ಬನಿಗೆ ಗೆಲುವು ಜಾಸ್ತಿ. ಕಡೆಗೆ ತಮ್ಮನನ್ನೇ ಕರೆದುಕೊಂಡು ಹೋದ. ಆದರೂ ದಾರಿಯಲ್ಲಿ ಒಬ್ಬ ಮುದಿ ಕುರುಬ ಸಿಕ್ಕಿಯೇ ಸಿಕ್ಕ. ‘ಐವತ್ತು ವರ್ಷದ ಹಿಂದೆ ನಾನೂ ಹತ್ತಿದ್ದೆ, ಬಟ್ಟೆ ಹರಿದಿದ್ದೇ ಬಂತು’ ಎಂಬರ್ಥದ ಬುದ್ಧಿವಾದ ಹೇಳಿದ. ಆದರೆ ಯಾವೂರು, ಯಾರ ಮಗ ಎಂದು ಅವನು ಕೇಳಿದ ದಾಖಲೆ ಇಲ್ಲ. ಯೂರೋಪಿನ ವಿಧಾನ ಎಡವುವುದು ಇಲ್ಲೇ.

ಇನ್ನು ಪ್ರಮಾಣವಿಚಾರ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ತಿಳಿಯಬೇಕು ಎಂದು ತಾರ್ಕಿಕರು ಶತಮಾನಗಳಿಂದ ಬೆಟ್ಟದ ಪಾದದಲ್ಲೇ ನಿಂತು ಹೇಳುತ್ತಿದ್ದಾರೆ. ಹತ್ತಿ ನೋಡಿದವರು ಕಡಿಮೆ. ಪ್ರಸ್ತುತ ಲೇಖಕರು ಹತ್ತಿದರು. ಅರಿಶಿನ ಕುಂಕುಮ ಮೆತ್ತಿಕೊಂಡ ಮೆಟ್ಟಿಲುಗಳ ಒಂದು ತಿರುವಿನಲ್ಲಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ, ಖಂಡಿತವಾಗಿ ಹೊಗೆ ಕಂಡಿತು. ಹತ್ತಿರ ಹೋದರೆ ಅದು ಸ್ಟೀಲ್ ಫ್ಲಾಸ್ಕಿನ ಮುಚ್ಚಳದಲ್ಲಿದ್ದ ಫಿಲ್ಟರ್ ಕಾಫಿಯ ಹಬೆ. ಬೆಂಕಿ ಇದ್ದದ್ದು ಕುವೆಂಪುನಗರದ ಒಂದು ಗ್ಯಾಸ್ ಒಲೆಯಲ್ಲಿ, ಅದೂ ಒಂದು ಗಂಟೆ ಹಿಂದೆ. ಹೇತುವಿಗೂ ಸಾಧ್ಯಕ್ಕೂ ಇಷ್ಟು ದೂರವಿದ್ದರೆ ಅನುಮಾನ ಹೇಗೆ ನಿಲ್ಲುತ್ತದೆ? ನಿಲ್ಲುವುದಿಲ್ಲ. ಉಪಮಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಮುಚ್ಚಳ ಹಿಡಿದವರು ಬರಿಗಾಲಿನಲ್ಲಿದ್ದರು, ತಲೆಗೆ ಮಂಕಿ ಕ್ಯಾಪ್. ಗಂಧಮಾದನದ ಪರಂಪರೆ ಇಷ್ಟರ ಮಟ್ಟಿಗಾದರೂ ಉಳಿದಿದೆ. ಉಳಿದದ್ದು ಶಬ್ದಪ್ರಮಾಣ:

‘ಒಬ್ರೇ ಬಂದ್ರಾ ಸಾರ್?’

‘ಹೌದು. ನೀವು?’

‘ನಾನೂ ಒಬ್ನೇ. ಯಾವೂರು ನಿಮ್ದು?’

‘ಇಲ್ಲೇ ಮೈಸೂರು.’

‘ಅದಲ್ಲ ಸಾರ್. ಊರು, ಊರು.’

‘ಹಾಸನದ ಕಡೆ. ಅರಕಲಗೂಡು.’

‘ಅರಕಲಗೂಡಲ್ಲಿ ಯಾರ ಮನೆ? ಸೈಕಲ್ ಮೇಷ್ಟ್ರು ಅಂತ ಇದ್ರಲ್ಲ, ಗೊತ್ತಾ?’

‘ಅವರು ನಮ್ಮ ಅತ್ತೆಯ ಮೈದುನ.’

ಇಲ್ಲಿ ಅವರು ಮುಚ್ಚಳವನ್ನು ಕಟ್ಟೆಯ ಮೇಲಿಟ್ಟರು. ಮೇಷ್ಟ್ರು ಅವರ ಷಡ್ಡಕನ ಭಾವ. ‘ಹಂಗಾದ್ರೆ ನೀವು ನಮಗೆ ಏನಾಗ್ಬೇಕು?’ ಎಂದು ಬೆರಳು ಮಡಿಸುತ್ತ ಎರಡು ಮೆಟ್ಟಿಲು ಹತ್ತಿದರು, ಒಂದು ಇಳಿದರು. ಲೆಕ್ಕ ಕೂಡಿತು. ‘ವರಸೆಯಲ್ಲಿ ನಾನು ಮಾವ ಆಗ್ತೀನಿ. ತಗೊಳ್ಳಿ ಅಳಿಯಂದ್ರೇ, ಕಾಫಿ.’

ಸಿದ್ಧಾಂತ: ಅಪರಿಚಿತತ್ವ ಎಂಬುದು ಮನುಷ್ಯನ ಗುಣವಲ್ಲ. ಅದು ಒಂದು ತಿರುವಿನಿಂದ ಮುಂದಿನ ತಿರುವಿನವರೆಗೆ ಇರುವ ತಾತ್ಕಾಲಿಕ ಮಾಹಿತಿ ಕೊರತೆ. ದೊಡ್ಡ ದೇವರಾಜ ಒಡೆಯರು (ಆಳ್ವಿಕೆ 1659–1673) ಈ ಮೆಟ್ಟಿಲುಗಳನ್ನು ಕಟ್ಟಿಸಿ, ಮುಕ್ಕಾಲು ದಾರಿಯಲ್ಲಿ ಸುಮಾರು 15 ಅಡಿ ಎತ್ತರದ ನಂದಿಯನ್ನು ಕೂರಿಸಿದ್ದೂ ಇದನ್ನು ಬಲ್ಲವರಾಗಿಯೇ ಇರಬೇಕು. ನಂದಿ ಮುಟ್ಟುವಷ್ಟರಲ್ಲಿ ಎಂಥ ಕಷ್ಟದ ವರಸೆಯೂ ಇತ್ಯರ್ಥವಾಗುತ್ತದೆ. ಆಮೇಲಿನ ಮೆಟ್ಟಿಲುಗಳಿಗೆ ಸೈಟಿನ ರೇಟು ಸಾಕು.

ಆಕ್ಷೇಪ: ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವನ ಗತಿಯೇನು? ಉತ್ತರ: ತಪಸ್ಸಿಗೆ ಕೂತ ಅರ್ಜುನನನ್ನೇ ಬಿಡದವರು ಇವನನ್ನು ಬಿಡುತ್ತಾರೆಯೇ? ಹೆಗಲು ತಟ್ಟಿ ಕೇಳುತ್ತಾರೆ.

ಇನ್ನೊಂದು ಆಕ್ಷೇಪ: ವಿಚಾರಣೆಯಲ್ಲಿ ಯಾವ ನೆಂಟಸ್ತಿಕೆಯೂ ಸಿಗದಿದ್ದರೆ? ಅದಕ್ಕೂ ಶಾಸ್ತ್ರದಲ್ಲಿ ದಾರಿಯಿದೆ. ಮನೆಯಲ್ಲಿ ಮದುವೆಗೆ ಬಂದ ಹುಡುಗ ಹುಡುಗಿಯರಿದ್ದಾರಾ ಎಂದು ಕೇಳಲಾಗುತ್ತದೆ.

ಆಷಾಢ ಶುಕ್ರವಾರಗಳಿಗೆ ಈ ಸಿದ್ಧಾಂತ ಅನ್ವಯಿಸದು. ಅಂದು ಬೆಟ್ಟದಲ್ಲಿ ಒಂಟಿಯೂ ಇರುವುದಿಲ್ಲ, ಅಪರಿಚಿತನೂ ಇರುವುದಿಲ್ಲ. ಇರುವುದು ಸಾಲು ಮಾತ್ರ. ಸಾಲಿನ ಶಾಸ್ತ್ರವೇ ಬೇರೆ. ಅದನ್ನು ಬರೆದುಕೊಡಿ ಎಂದು ಮಾವನವರು ಒತ್ತಾಯಿಸಿದ್ದಾರೆ. ಲೇಖಕರು ತಮ್ಮ ಮಂಡಿಯನ್ನು ಕೇಳಿ ಹೇಳುವುದಾಗಿ ತಿಳಿಸಿದ್ದಾರೆ.