ಎಷ್ಟ ಬಂತೋ ತಮ್ಮಾ?

ಸಿದ್ಧೇಶ್ವರ ಗುಡಿಯಿಂದ ಗಾಂಧಿ ಚೌಕದ ಕಡೆ ಹೋಗುವಾಗ ಮ್ಯಾಚಿನ ದಿನ ಯಾವ ಚಾದಂಗಡಿ ಹೊಕ್ಕರೂ ಟಿವಿಯ ಬುಡದಲ್ಲಿ ಒಬ್ಬರು ಕೂತಿರುತ್ತಾರೆ. ವಯಸ್ಸು ಅರವತ್ತೈದರ ಆಚೆ ಈಚೆ, ಹೆಗಲ ಮೇಲೆ ಟಾವೆಲ್ಲು. ವಿಕೆಟ್ ಬಿದ್ದರೆ ಏಳುವುದಿಲ್ಲ, ಸಿಕ್ಸರ್ ಹೋದರೆ ಬೈಯುವುದಿಲ್ಲ. ಚೆಂಡು ಹಾಕಿದ ಮೇಲೆ ತೆರೆಯ ಮೂಲೆಯಲ್ಲಿ ಒಂದು ಅಂಕಿ ಮೂಡುತ್ತದಲ್ಲ, ಅದಕ್ಕಾಗಿ ಕಾಯುತ್ತಾರೆ. ಕಿಸೆಯಿಂದ ಕನ್ನಡಕ ತೆಗೆದು ಮೂಗಿಗೇರಿಸುವಷ್ಟರಲ್ಲಿ ಅಂಕಿ ಮಾಯ. ಆಗ ಪಕ್ಕದ ಹುಡುಗನೇ ಗತಿ.

“ಎಷ್ಟ ಬಂತೋ ತಮ್ಮಾ?”

“ನೂರಾ ಮೂವತ್ತೆರಡು ಕಾಕಾರ. ಔಟಾದ.”

“ಔಟ್ ಇರಲಿ ಬಿಡೋ. ನೂರಾ ಮೂವತ್ತೆರಡಕ್ಕ ಔಟಾಗಾವ್ರು ಆಡಾಕರ ಯಾಕ ಬರ್ತಾರ?”

ಇವರು ಸ್ಪೀಡ್ ಕಾಕಾ. ಓಣಿಗೊಬ್ಬರಂತೆ ಇರುವುದರಿಂದ ಹೆಸರು ಹೇಳುವ ಅಗತ್ಯವಿಲ್ಲ. ದೇಶದ ತಂಡದಲ್ಲಿ ಹನ್ನೊಂದು ಮಂದಿಯಲ್ಲಿ ನಾಲ್ವರಾದರೂ ತಾಸಿಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಒಗೆಯುವವರು ಇರಬೇಕು ಎಂಬುದು ಇವರ ಸಿದ್ಧಾಂತ. ಉಳಿದ ಏಳು ಮಂದಿ ಯಾರಾದರೂ ನಡೆಯುತ್ತದೆ.

ವೇಗದ ಈ ಭಕ್ತರ ಸ್ವಂತ ವೇಗದ ಬಗ್ಗೆಯೂ ಹೇಳಬೇಕು. ಅರ್ಧ ಚಾ ಕುಡಿಯಲು ಇವರಿಗೆ ಅರ್ಧ ತಾಸು. ತಿಕೋಟಾ ಹತ್ತಿರದ ದ್ರಾಕ್ಷಿ ತೋಟಕ್ಕೆ ಟಿವಿಎಸ್ ಏರಿ ಹೊರಟರೆ ಕಬ್ಬು ಹೇರಿದ ಟ್ರ್ಯಾಕ್ಟರು ಕೂಡ ಹಾರ್ನ್ ಹೊಡೆದು ಮುಂದೆ ಹೋಗುತ್ತದೆ. ಹೊಸದಾಗಿ ಮಣೂಕಾ ಮಾಡುವ ಹುಡುಗರನ್ನು ಕೂರಿಸಿಕೊಂಡು ಇವರು ಹೇಳುವ ಪಾಠ ಕೇಳಬೇಕು: ದ್ರಾಕ್ಷಿ ಶೆಡ್ಡಿನ ನೆರಳಿನಲ್ಲಿ ಹದಿನೈದು ದಿನ ಸಾವಕಾಶ ಒಣಗಬೇಕು, ಅವಸರಪಟ್ಟು ಬಿಸಿಲಿಗೆ ಒಡ್ಡಿದರೆ ಬಣ್ಣ ಕಪ್ಪಾಗಿ ರೇಟು ಬೀಳುತ್ತದೆ, ತಾಳ್ಮೆ ಇಲ್ಲದವ ತೋಟ ಮಾಡಬಾರದು. ಇಷ್ಟು ಹೇಳಿ ಅದೇ ಉಸಿರಿನಲ್ಲಿ ಟಿವಿಯ ಕಡೆ ತಿರುಗುತ್ತಾರೆ: “ಏ, ಜೋರ ಒಗಿಯೋ, ಕೈಯಾಗ ಬಲಾ ಇಲ್ಲೇನ?”

ದಾವಣಗೆರೆಯ ವಿನಯ್ ಕುಮಾರ್ ಅವರನ್ನು ಪತ್ರಿಕೆಗಳು ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆದಾಗ ಕಾಕಾ ತಿಂಗಳುಗಟ್ಟಲೆ ಕುದ್ದರು. “ಎಕ್ಸ್‌ಪ್ರೆಸ್ ಅಂತ ಬರದ್ರ ಆತೇನು? ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ್ಯಾಗ ಮೈಸೂರಿಗೆ ಹೋಗಿ ನೋಡ್ರಿ, ಬೋರ್ಡ್ ಏನ ಹೇಳತೈತಿ, ಗಡಿಯಾರ ಏನ ಹೇಳತೈತಿ!” ಆ ಮನುಷ್ಯನ ನಾಯಕತ್ವದಲ್ಲಿ ಕರ್ನಾಟಕ 2013-14, 2014-15 ಎರಡೂ ಸಾಲು ರಣಜಿ ಗೆದ್ದಿತಲ್ಲ ಎಂದರೆ, “ಅದು ಬ್ಯಾರೆ ಮಾತು” ಎನ್ನುತ್ತಾರೆ. ಕಾಕಾನ ವಾದದಲ್ಲಿ ಗೆಲುವು ಯಾವಾಗಲೂ ಬೇರೆ ಮಾತು. ಅವರು ನೆನಪಿಟ್ಟಿರುವುದು 2012ರ ಪರ್ತ್ ಟೆಸ್ಟನ್ನು. ವಿನಯ್‌ಗೆ ಸಿಕ್ಕ ಒಂದೇ ಒಂದು ಟೆಸ್ಟ್ ಅದು. ವಾರ್ನರ್ 180 ಹೊಡೆದ. ಅದೇ ಇನಿಂಗ್ಸಿನಲ್ಲಿ ಜೋರಾಗಿ ಒಗೆದ ಉಮೇಶ್ ಯಾದವ್‌ಗೆ ಐದು ವಿಕೆಟ್. ಇಲ್ಲಿ ಕಾಕಾ ಬರೀ ಹಟ ಮಾಡುತ್ತಿಲ್ಲ ಎಂದು ಒಪ್ಪಬೇಕಾಗುತ್ತದೆ.

ಈ ಹುಚ್ಚು ಹಿಡಿದದ್ದು 1976ರಲ್ಲಿ. ಆ ವರ್ಷ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವೆಸ್ಟ್ ಇಂಡೀಸ್ ಮೂವರು ಸ್ಪಿನ್ನರುಗಳನ್ನು ಇಳಿಸಿತ್ತು. ನಮ್ಮವರು ನಾಲ್ಕನೇ ಇನಿಂಗ್ಸಿನಲ್ಲಿ 400 ದಾಟಿ ಬೆನ್ನಟ್ಟಿ ಗೆದ್ದರು. ಗಾವಸ್ಕರ್ ಸೆಂಚುರಿ, ನಮ್ಮ ವಿಶ್ವನಾಥ್ ಸೆಂಚುರಿ. ಕ್ಲೈವ್ ಲಾಯ್ಡ್‌ಗೆ ಸ್ಪಿನ್ನಿನ ಮೇಲೆ ಬೇಸರ ಹುಟ್ಟಿದ್ದು ಅಲ್ಲಿ. ಮುಂದಿನ ಟೆಸ್ಟಿಗೆ ಕಿಂಗ್‌ಸ್ಟನ್‌ನಲ್ಲಿ ಹೋಲ್ಡಿಂಗ್ ಮತ್ತವನ ಜೊತೆಗಾರರನ್ನು ಬಿಟ್ಟ. ಗಾಯಕವಾಡರ ಕಿವಿಗೆ ಪೆಟ್ಟು, ವಿಶ್ವನಾಥ್ ಬೆರಳು ಮುರಿಯಿತು, ಬ್ರಿಜೇಶ್ ಪಟೇಲರ ಬಾಯಿಗೆ ಬಡಿಯಿತು. ಎರಡನೇ ಇನಿಂಗ್ಸಿನಲ್ಲಿ ಐದು ವಿಕೆಟ್ ಬಿದ್ದಾಗ 97 ರನ್. ಮುಂದೆ ಆಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ, ಬೇಡಿ ಅಲ್ಲಿಗೇ ಮುಗಿಸಿದರು. ಮೀಸೆ ಮೂಡುವ ವಯಸ್ಸಿನ ಕಾಕಾ ಇದನ್ನು ಪೇಪರಿನಲ್ಲಿ ಓದಿದರು. ಆಗ ನಮ್ಮ ಕಡೆ ಹೊಸ ಚೆಂಡು ಎಷ್ಟೋ ಸಲ ಗಾವಸ್ಕರನ ಕೈಗೇ ಹೋಗುತ್ತಿತ್ತು. ಕೆಲಸ ಇಷ್ಟೇ: ಚೆಂಡಿನ ಹೊಳಪು ತೆಗೆದು ಸ್ಪಿನ್ನರುಗಳಿಗೆ ಒಪ್ಪಿಸುವುದು. ಇಡೀ ಟೆಸ್ಟ್ ಬದುಕಿನಲ್ಲಿ ಆತನಿಗೆ ಬಿದ್ದದ್ದು ಒಂದು ವಿಕೆಟ್.

“ಅವ್ರು ನಮ್ಮ ವಿಶ್ವನಾಥನ ಬಟ್ಟ ಮುರದ್ರು. ನಾವು ಚೆಂಡ ತಿಕ್ಕಿ ಕೊಟ್ವಿ” ಎನ್ನುವಾಗ ಕಾಕಾನ ಧ್ವನಿ ಈಗಲೂ ಏರುತ್ತದೆ. ಹೀಗಾಗಿ ಸರಾಸರಿ, ಎಕಾನಮಿ ಎಂದು ಲೆಕ್ಕ ಹಿಡಿದು ಬರುವ ಹುಡುಗರ ಮಾತು ಇವರ ಮುಂದೆ ನಡೆಯುವುದಿಲ್ಲ. ಹುಡುಗರು ಮ್ಯಾಚ್ ಗೆಲ್ಲುವ ಮಾತಾಡುತ್ತಾರೆ. ಕಾಕಾ ಐವತ್ತು ವರ್ಷದ ಹಳೆ ಬಾಕಿ ವಸೂಲಿಗೆ ಕೂತಿದ್ದಾರೆ.

ಕಪಿಲ್ ಬಂದಾಗ ಖುಷಿಪಟ್ಟರು, ಆದರೆ ಅಂವ ಹರಿಯಾಣಾದಂವ. ಕರ್ನಾಟಕದ ಏಕೀಕರಣ 1956ರಲ್ಲಿ ಆಯಿತೆಂದು ಪುಸ್ತಕದಲ್ಲಿದೆ. ಕಾಕಾನ ಮಟ್ಟಿಗೆ ಅದು ಆದದ್ದು 1991ರಲ್ಲಿ, ಬ್ರಿಸ್ಬೇನಿನಲ್ಲಿ, ಜಾವಗಲ್ ಶ್ರೀನಾಥ್ ಮೊದಲ ಟೆಸ್ಟ್ ಆಡಿದಾಗ. ಅಲ್ಲಿಯವರೆಗೆ ಮೈಸೂರಿನವರೆಂದರೆ ‘ಆ ಕಡೀ ಮಂದಿ’. 1996ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾವನ್ನು ಶ್ರೀನಾಥ್ 21 ರನ್ನಿಗೆ ಆರು ವಿಕೆಟ್ ಕಿತ್ತು 105ಕ್ಕೆ ಉರುಳಿಸಿದಾಗ ಕಾಕಾ ಅಂಗಡಿಗೆಲ್ಲ ಚಾ ಹೇಳಿದರಂತೆ. ಅದಾದ ಮೇಲೆ ಅವರು ಚಾ ಹೇಳಿದ್ದನ್ನು ಕಂಡವರಿಲ್ಲ.

ಕರ್ನಾಟಕದ ಸ್ಪಿನ್ನರುಗಳನ್ನು ಕಾಕಾ ಎರಡು ಪಾಲು ಮಾಡಿದ್ದಾರೆ. ಚಂದ್ರಶೇಖರ್, ಕುಂಬ್ಳೆ ಪಾಸು, ಯಾಕೆಂದರೆ ಅವರದು ಜೋರಾಗಿ ಬರುತ್ತಿತ್ತು. ಪ್ರಸನ್ನ ಗಾಳಿಯಲ್ಲಿ ತೇಲಿಸುತ್ತಿದ್ದರು, ನಾಪಾಸು. ವೆಂಕಟೇಶ್ ಪ್ರಸಾದ್ ಸಾವಕಾಶದ ಕಟರ್‌ಗಳ ಮನುಷ್ಯ, ಆದರೆ 1996ರ ವಿಶ್ವಕಪ್ಪಿನಲ್ಲಿ ಬೆಂಗಳೂರಿನಲ್ಲಿ ಆಮಿರ್ ಸೊಹೈಲ್‌ನ ಸ್ಟಂಪ್ ಹಾರಿಸಿದ ಆ ಒಂದು ಚೆಂಡು ಮಾತ್ರ ನೂರೈವತ್ತು ಇತ್ತೆಂದು ತೀರ್ಪು. ಸಿಟ್ಟನ್ನೂ ಕೂಡಿಸಿ ಅಳೆದಿರಬೇಕು.

ಕಾಕಾ ಮಾತಾಡಲು ಒಲ್ಲದ ಓವರ್ ಒಂದಿದೆ. 1999ರ ಫೆಬ್ರವರಿ, ದೆಹಲಿ, ಎದುರಿಗೆ ಪಾಕಿಸ್ತಾನ. ಕುಂಬ್ಳೆಗೆ ಒಂಬತ್ತು ವಿಕೆಟ್ ಆಗಿವೆ. ಇನ್ನೊಂದು ತುದಿಯಲ್ಲಿ ಚೆಂಡು ಹಿಡಿದ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ದೂರ ಒಗೆದರು, ತನಗೆ ವಿಕೆಟ್ ಬೀಳದಿರಲೆಂದು. ದೇಶದ ಅತಿ ವೇಗದ ಬೌಲರ್ ಸ್ಪಿನ್ನರನಿಗಾಗಿ ವಿಕೆಟ್ ತಪ್ಪಿಸಲು ಬೆವರು ಸುರಿಸುವುದು ಕಾಕಾನ ಸಿದ್ಧಾಂತದ ಯಾವ ಖಾನೆಗೂ ಹೊಂದುವುದಿಲ್ಲ. “ಗೆಳೆತನಾ” ಎಂದಷ್ಟೇ ಹೇಳಿ ಬೀಡಿ ಹುಡುಕುತ್ತಾರೆ.

ನನ್ನ ಮಾತೂ ಇರಲಿ. ನೂರೈವತ್ತರ ಚೆಂಡಿಗೂ ನೂರಾಮೂವತ್ತರ ಚೆಂಡಿಗೂ ಆಡುವವನಿಗೆ ಸಿಗುವ ಸಮಯದಲ್ಲಿ ಸುಮಾರು ಒಂದು ಸೆಕೆಂಡಿನ ಹದಿನೈದನೇ ಒಂದು ಪಾಲು ವ್ಯತ್ಯಾಸ. ಅದು ಸಣ್ಣದಲ್ಲ, ಸಪಾಟು ಪಿಚ್ಚು, ಹಳೆ ಚೆಂಡು, ಮೋಡವಿಲ್ಲದ ಮಧ್ಯಾಹ್ನ ಎಂದಾಗ ಆ ಪಾಲೇ ತಂಡವನ್ನು ಉಳಿಸುತ್ತದೆ. ಆದರೆ ಚೆಂಡು ಬೀಳುವ ಜಾಗ ಮೊದಲೇ ಗೊತ್ತಾಯಿತೋ, ಬ್ಯಾಟಿನವ ಆ ವೇಗವನ್ನೇ ಸಾಲ ಪಡೆದು ಬೌಂಡರಿಗೆ ಕಳಿಸುತ್ತಾನೆ. ಉಮ್ರಾನ್ ಮಲಿಕ್ 2022ರ ಐಪಿಎಲ್‌ನಲ್ಲಿ 157ರ ಹತ್ತಿರ ಒಗೆದ ಚೆಂಡನ್ನು ರೋವ್ಮನ್ ಪೊವೆಲ್ ನಾಲ್ಕಕ್ಕೆ ಅಟ್ಟಿದ. 2003ರ ವಿಶ್ವಕಪ್ಪಿನಲ್ಲಿ ಶೋಯಬ್ ಅಖ್ತರ್ 161.3 ಮುಟ್ಟಿದ ಚೆಂಡನ್ನು ನಿಕ್ ನೈಟ್ ಸುಮ್ಮನೆ ಲೆಗ್ ಕಡೆ ತಳ್ಳಿ ನಿಂತ.

“ಅಂವ ಚೆಂಡ ನೋಡಿಲ್ಲೋ” ಎಂದು ಕಾಕಾನ ವಿವರಣೆ, “ಚೆಂಡು ತಾನಾ ಬಂದು ಬ್ಯಾಟಿಗೆ ಬಡಿತು.”

2024ರಲ್ಲಿ ಮಯಂಕ್ ಯಾದವ್ ಬೆಂಗಳೂರಿನಲ್ಲಿ 156.7 ಒಗೆದಾಗ ಕಾಕಾ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದರು. ಕೆಲವೇ ದಿನಕ್ಕೆ ಹುಡುಗ ಗಾಯಗೊಂಡು ಕೂತ. “ಕಾಕಾರ, ದವಾಖಾನಿಗೂ ಎಲ್ಲಾರಕಿಂತ ಜೋರ ಹ್ವಾದ” ಎಂದ ಅಂಗಡಿಯ ಹುಡುಗನಿಗೆ ಎರಡು ದಿನ ಮಾತು ಬಂದ್.

ಊರಿಗೆ ನೆಂಟರು ಬಂದರೆ ಕಾಕಾ ಮೊದಲು ಗೋಲಗುಂಬಜ್ ತೋರಿಸುವುದಿಲ್ಲ, ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಕರೆದೊಯ್ಯುತ್ತಾರೆ. 1549ರಲ್ಲಿ ಎರಕ ಹೊಯ್ದದ್ದು, ತೂಕ ಐವತ್ತೈದು ಟನ್. ಬತ್ತಿ ಹಚ್ಚಿದವ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ಹೊಂಡಕ್ಕೆ ಹಾರುತ್ತಿದ್ದನೆಂಬ ಜನರ ಕಥೆಯನ್ನು ಕಾಕಾ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. “ಇಂಥಾವ ಒಬ್ಬ ನಮ್ಮ ಟೀಮಿನ್ಯಾಗ ಬೇಕ್ರಿ.” 1854ರಲ್ಲಿ ಇದೇ ತೋಪನ್ನು ಹರಾಜಿಗಿಟ್ಟರು, ಬಂದ ಅತಿ ದೊಡ್ಡ ಸವಾಲು ನೂರೈವತ್ತು ರೂಪಾಯಿ, ಕೊನೆಗೆ ಮಾರಾಟವನ್ನೇ ರದ್ದು ಮಾಡಿದರು ಎಂದು ನಾನೊಮ್ಮೆ ಹೇಳಿದೆ. ಅವರು ಹಿಡಿದದ್ದು ಅಂಕಿಯನ್ನು ಮಾತ್ರ: “ನೋಡ್ರಿ ಮತ್ತ, ನೂರೈವತ್ತು!”

ಕಾಕಾನನ್ನು ನಿಜವಾಗಿ ಕಾಡುವವಳು ಚಾದಂಗಡಿಯವನ ಮಗಳು. ಹತ್ತನೇ ಕ್ಲಾಸು, ಎಡಗೈ ಸ್ಪಿನ್ನು, ಸಂಜೆಯಾದರೆ ಅಂಬೇಡ್ಕರ್ ಸ್ಟೇಡಿಯಂ. ಮೊನ್ನೆ ಕಾಕಾ ಎಂದಿನಂತೆ ದೇಶದ ಬೌಲಿಂಗನ್ನು ಹರಿದು ಒಗೆಯುತ್ತಿದ್ದಾಗ ಬಸಿ ತೊಳೆಯುತ್ತಲೇ ಕೇಳಿದಳು:

“ಕಾಕಾರ, 2017ರ ವಿಶ್ವಕಪ್ಪಿನ್ಯಾಗ ನ್ಯೂಜಿಲೆಂಡಿನ ಮ್ಯಾಲ ಹದಿನೈದು ರನ್ನಿಗೆ ಐದು ವಿಕೆಟ್ ತಗೊಂಡಾಕಿ ಯಾರ್ರಿ?”

“ನಮ್ಮ ರಾಜೇಶ್ವರಿ ಗಾಯಕವಾಡ. ನಮ್ಮೂರಾಕಿ. ನನಗ ಕೇಳ್ತಿ ಏನ?”

“ಎಪ್ಪತ್ತೊಂಬತ್ತಕ್ಕ ಅವ್ರೆಲ್ಲಾ ಔಟ್. ಆಕಿದು ಸ್ಪಿನ್ನರಿ ಕಾಕಾರ.”

“ಅದು ಬ್ಯಾರೆ ಮಾತವಾ.”

“ಊರಾಗ ಸನ್ಮಾನಕ್ಕ ಕಾರು ಕೊಡ್ತೀವಿ ಅಂದ್ರ, ಕಾರು ಬ್ಯಾಡ ಮನಿ ಕೊಡ್ರಿ ಅಂದಳಂತ ಪೇಪರಿನ್ಯಾಗ ಬಂದಿತ್ತು. ಆಕೀಗಿ ಸ್ಪೀಡಿನ ಹುಚ್ಚ ಇಲ್ಲ.”

ಕಾಕಾ ಬಸಿಯಲ್ಲಿ ಉಳಿದ ಚಾ ಊದಿದರು. ಆಮೇಲೆ, ಅಭ್ಯಾಸ ಬಿಡಬೇಕಲ್ಲ, ಸಣ್ಣಗೆ ಕೇಳಿದರು: “ಆಕೀದು ಎಷ್ಟ ಬರತೈತಿ?”

“ಎಪ್ಪತ್ತರ ಮ್ಯಾಲ ಇರಬೇಕ್ರಿ. ನಿಮ್ಮ ಟಿವಿಎಸ್ಸಿನ ದುಪ್ಪಟ್ಟು.”

ಅಂಗಡಿಯೆಲ್ಲ ನಕ್ಕಿತು. ಕಾಕಾ ಟಾವೆಲ್ಲು ಕೊಡವಿ ಎದ್ದರು.

“ಗಾಡಿ ಸರ್ವಿಸಿಂಗಿಗೆ ಬಂದೈತವಾ. ಇಲ್ಲಾಂದ್ರ ಅದೇನ ಕಡಿಮಿ ಐತಿ?”